ತಂಗಿಯ ನೋಟ್‌ಬುಕ್ಕು ಹಿಡಿದು ಹರಿಹರಕ್ಕೆ

ನಾನು ಗಾದಿ ಹೊಲಿಯುವವನು. ಹಳೇ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುವುದು ನಮ್ಮ ಮನೆತನದ ಕಸುಬು. ಗಾದಿಯೊಳಗೆ ಏನು ಸಿಕ್ಕರೂ ಅದು ಗಾದಿಯವರದು ಎಂಬುದು ನಮ್ಮಪ್ಪ ಹೇಳಿಕೊಟ್ಟ ಮೊದಲ ಪಾಠ. ಸಿಕ್ಕಿದ್ದನ್ನು ಆ ಗಾದಿಯದೇ ಹಳೇ ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಡಬೇಕು. ಮನೆಯವರು ನಮ್ಮೆದುರಿಗೇ ಬಿಚ್ಚಿ ನೋಡಿ, "ಸರಿ ಐತೆ" ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ನಾವು ಕೂಲಿಗೆ ಕೈ ಚಾಚಬೇಕು. ಮೂಗುತಿ, ಕಾಲುಂಗುರ, ತೀರಿಹೋದ ಮಗನ ಫೋಟೊ, ಒಬ್ಬ ಅಜ್ಜಿಯ ಹಲ್ಲಿನ ಸೆಟ್ಟು, ಹೀಗೆ ಮೂವತ್ತು ವರ್ಷದಲ್ಲಿ ಎಷ್ಟೋ ಗಂಟುಗಳನ್ನು ಕೊಟ್ಟಿದ್ದೇನೆ. ಒಂದನ್ನು ಮಾತ್ರ ಕೊಡಲಿಲ್ಲ. ಅದು ನನ್ನ ಸ್ವಂತ ತಂಗಿ ಶಮೀಮಳದು. ಇಪ್ಪತ್ತೆರಡು ವರ್ಷ ನನ್ನ ಹತ್ತಿರವೇ ಇಟ್ಟುಕೊಂಡೆ.

ಕಳೆದ ಡಿಸೆಂಬರಿನ ಒಂದು ಶನಿವಾರ ಅದನ್ನು ಕೊಡಲು ದಾವಣಗೆರೆಯಿಂದ ಹರಿಹರಕ್ಕೆ ಹೋದೆ. ಹದಿನಾಲ್ಕು ಕಿಲೋಮೀಟರಿನ ದಾರಿ. ಕಾಶಿಗೋ ಅಜ್ಮೀರಿಗೋ ಹೋಗಿಬಂದವರು ಪ್ರವಾಸದ ಬಗ್ಗೆ ಬರೆಯುತ್ತಾರೆ. ಇಷ್ಟು ಹತ್ತಿರದ ಊರಿಗೆ ಹೋಗಿಬಂದಿದ್ದನ್ನು ಯಾರೂ ಬರೆದಿರಲಿಕ್ಕಿಲ್ಲ. ಆರನೇ ತರಗತಿಗೆ ಶಾಲೆ ಬಿಟ್ಟವನು ನಾನು. ದಿನಾ ಪೇಪರ್ ಓದುವ ಅಭ್ಯಾಸದಿಂದ ಇಷ್ಟಾದರೂ ಬರೆಯಲು ಧೈರ್ಯ ಮಾಡಿದ್ದೇನೆ.

ಹೊರಡುವುದಕ್ಕೆ ಒಂದು ಕಾರಣ ಬಂದಿತ್ತು. ಶಮೀಮ್ ಹರಿಹರದಲ್ಲಿ ಪಿಯು ಕಾಲೇಜಿನ ಇಂಗ್ಲಿಷ್ ಮೇಡಂ. ಅವಳ ಗಂಡ ರಹಮತ್ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಾನೆ. ಹೆಂಡತಿಯ ಹೆಸರು ಎಲ್ಲಿ ಅಚ್ಚಾದರೂ ನಮಗೆಲ್ಲ ಕಳಿಸುವುದು ಅವನ ಸಂತೋಷ. ಆ ವಾರ ಒಂದು ಕರೆಪತ್ರ ಕಳಿಸಿದ್ದ. ಹರಿಹರದ ಒಂದು ಮಹಿಳಾ ಕಾಲೇಜಿನಲ್ಲಿ ಶಮೀಮಳ ಉಪನ್ಯಾಸ. ವಿಷಯ: ವಿಕ್ಟೋರಿಯಾ ಕಾಲದ ಲೇಖಕಿಯರ ಕಾದಂಬರಿಗಳು, ಒಂದು ಸ್ತ್ರೀವಾದಿ ಓದು. ಅದರ ಕೆಳಗೆ ಅದನ್ನೇ ಇಂಗ್ಲಿಷಿನಲ್ಲೂ ಹಾಕಿದ್ದರು. 'ವಿಕ್ಟೋರಿಯಾ' ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದೆ. ನಾನು ಕೊಡದೆ ಇಟ್ಟುಕೊಂಡಿದ್ದ ತಂಗಿಯ ನೋಟ್‌ಬುಕ್ಕಿನ ರಟ್ಟಿನ ಮೇಲೂ ಅವೇ ಅಕ್ಷರಗಳಿದ್ದವು. ಮೊಬೈಲು ಕೆಳಗಿಟ್ಟು, ಶನಿವಾರ ಹರಿಹರಕ್ಕೆ ಹೋಗುವುದೇ ಎಂದು ತೀರ್ಮಾನಿಸಿದೆ.

ಬೆಳಿಗ್ಗೆ ಎಂಟಕ್ಕೆ ನಾನು ಮಲಗುವ ಗಾದಿಯ ಮೂಲೆ ಬಿಚ್ಚಿ ನೋಟ್‌ಬುಕ್ಕು ಹೊರತೆಗೆದೆ. ಶಮೀಮಳ ಹಳೇ ಗಾದಿಯ ಬಟ್ಟೆ, ನೀಲಿ ಪಟ್ಟೆಯದು, ಒಂದು ತುಂಡು ಉಳಿದಿತ್ತು. ಅದರಲ್ಲಿ ಗಂಟು ಕಟ್ಟಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಜಬೀನ ಎಲ್ಲವನ್ನೂ ನೋಡಿದಳು.

"ಇಪ್ಪತ್ತು ವರ್ಷ ಹೇಳೀನಿ, ನಿಮ್ ಕಡೆ ತಲೆ ಹಾಕಿದ್ರೆ ಏನೋ ಗಟ್ಟಿ ಒತ್ತತೈತೆ ಅಂತ," ಎಂದಳು. "ಹತ್ತಿ ಗಂಟು ಕಟ್ಟೈತೆ ಅಂದ್ರಿ. ಊರಿಗೆಲ್ಲ ಮೆತ್ತನ ಗಾದಿ, ಮನೆಯಾಕಿಗೆ ಈ ಇಟ್ಟಿಗೆ."

ಬಸ್ಸಿನಲ್ಲಿ ಹೇಳುತ್ತೇನೆ, ಹೊರಡು ಎಂದೆ.

ನಮ್ಮ ನಿಟ್ಟುವಳ್ಳಿಯಿಂದ ಬಸ್‌ಸ್ಟ್ಯಾಂಡಿಗೆ ಆಟೊ ಅರವತ್ತು ರೂಪಾಯಿ ಕೇಳಿ ಐವತ್ತಕ್ಕೆ ಬಂತು. ಚಳಿ ಇತ್ತು, ಬಿಸಿಲು ಹಿತವಾಗಿತ್ತು. ದಾರಿಯಲ್ಲಿ ಇಳಿದು ಒಂದು ಚೀಲ ಮಂಡಕ್ಕಿ ಕಟ್ಟಿಸಿಕೊಂಡೆವು. ಹರಿಹರದಲ್ಲೂ ಮಂಡಕ್ಕಿ ಸಿಗುತ್ತದೆ. ಆದರೆ ತವರಿನ ಮಂಡಕ್ಕಿ ಬೇರೆ ಎಂದು ಶಮೀಮ್ ವಾದ ಮಾಡುತ್ತಾಳೆ. ಅದರ ಜೊತೆಗೆ ಅವಳಿಗೆಂದು ಬೂರುಗದ ಹತ್ತಿಯ ಎರಡು ಹೊಸ ದಿಂಬು ಬೇರೆ. ಬರಿಗೈಯಲ್ಲಿ ಗಂಟು ಮಾತ್ರ ಹಿಡಿದು ಹೋಗಲು ನನಗೆ ಮನಸ್ಸಾಗಿರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ದಿಂಬುಗಳನ್ನು ನೋಡಿ, "ದಿಂಬಿಗೆ ಟಿಕೆಟ್ ಇಲ್ಲ ಸಾಹೇಬ್ರ, ಆದ್ರ ಸೀಟಿನಾಗ ಮಾತ್ರ ಕೂಡ್ರಿಸಬ್ಯಾಡ್ರಿ," ಎಂದ. ಜಬೀನಳಿಗೆ ಹೆಂಗಸರ ಉಚಿತ ಟಿಕೆಟ್ಟು, ನನಗೆ ದುಡ್ಡಿನದು. ತಾನು ಸರಕಾರದ ಮಗಳು, ನೀವು ಯಾರೋ ಏನೋ ಎಂದು ಅವಳು ಪ್ರತಿ ಸಲ ಹೇಳುವ ಮಾತನ್ನು ಅವತ್ತೂ ಹೇಳಿದಳು. ಬಸ್ಸು ಹಳೇ ಪಿ.ಬಿ. ರಸ್ತೆ ಹಿಡಿಯಿತು. ಊರು ಮುಗಿದು ಹೊಲ ಶುರುವಾದ ಮೇಲೆ, "ಈಗ ಹೇಳ್ರಿ," ಎಂದಳು.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಆಗ ಶಮೀಮ್ ಬಿ.ಎ. ಕೊನೇ ವರ್ಷದಲ್ಲಿದ್ದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಇದ್ದದ್ದು ಒಂದೇ ಕೋಣೆ. ಅದರಲ್ಲಿ ಅರ್ಧ ಹತ್ತಿ, ಅರ್ಧ ನಾವು. ಕಾಗದ ಅಂದರೆ ನಮಗೆ ದಿಂಬಿನ ಅಳತೆ ಕತ್ತರಿಸುವ ವಸ್ತು. ಅಪ್ಪ ಅವಳ ಎರಡು ನೋಟ್‌ಬುಕ್ಕುಗಳನ್ನು ಬಿಚ್ಚಿ, ಹಾಳೆ ಅಂಟಿಸಿ, ದುಂಡು ದಿಂಬಿನ ಅಚ್ಚು ಮಾಡಿದ್ದರು. ಅದಾದ ಮೇಲೆ ಅವಳು ಮೂರನೇ ನೋಟ್‌ಬುಕ್ಕನ್ನು ತನ್ನ ಗಾದಿಯ ಮೂಲೆ ಬಿಚ್ಚಿ ಒಳಗಿಟ್ಟು, ಹೊಲಿದು, ಅದರ ಮೇಲೆ ಮಲಗುತ್ತಿದ್ದಳು. ಇದೆಲ್ಲ ನನಗೆ ಗೊತ್ತಿರಲಿಲ್ಲ.

ಒಂದು ದಿನ ಕೆಲಸ ಇರಲಿಲ್ಲ. ಮನೆಯ ಗಾದಿಗಳನ್ನೇ ಹಿಂಜೋಣ ಎಂದು ಅವಳದನ್ನು ಎಳೆದುಕೊಂಡೆ. ಮೂಲೆಯಲ್ಲಿ ಒಂದು ಗೇಣು ಹೊಲಿಗೆ ನನ್ನದಲ್ಲ ಎಂದು ಕೈಗೇ ತಿಳಿಯಿತು. ಬಿಚ್ಚಿದೆ. ನೂರಾರು ಪುಟದ ನೋಟ್‌ಬುಕ್ಕು, ಪೂರ್ತಿ ಇಂಗ್ಲಿಷು. ನನಗೆ ಓದಲು ಬರುತ್ತಿದ್ದದ್ದು ದೊಡ್ಡಕ್ಷರ ಮಾತ್ರ. ಪುಟ ಪುಟದ ತಲೆಯ ಮೇಲೂ ದೊಡ್ಡಕ್ಷರದಲ್ಲಿ ಒಂದು ಗಂಡಸಿನ ಹೆಸರು, ಕೆಳಗೆ ಎರಡು ಗೆರೆ. ಗಂಡಸಿನ ಹೆಸರೆಂದು ಹೇಗೆ ಗೊತ್ತಾಯಿತೆಂದರೆ, ಅವಳು ಕಾಲೇಜಿಗೆ ಹೋಗುವ ದಾರಿಯಲ್ಲಿ ಅದೇ ಹೆಸರಿನ ಒಬ್ಬ ಟಿ.ವಿ. ರಿಪೇರಿಯವನಿದ್ದ. ಅಂಗಡಿಯ ಬೋರ್ಡು ಇಂಗ್ಲಿಷಿನಲ್ಲಿತ್ತು. ನೋಟ್‌ಬುಕ್ಕನ್ನು ಅಂಗಿಯೊಳಗೆ ಇಟ್ಟುಕೊಂಡು ಹೋಗಿ, ಬೋರ್ಡಿನ ಕೆಳಗೆ ನಿಂತು ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಅವನ ಹೆಸರು ಇಲ್ಲಿ ಬೇಡ. ಪಾಪ, ಅವನು ಏನೂ ಮಾಡಿದವನಲ್ಲ.

ಅವಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಇಂಗ್ಲಿಷ್ ಬಲ್ಲವರಿಗೆ ತೋರಿಸಬಹುದಿತ್ತು. ಮನೆಯ ಮರ್ಯಾದೆ ಎಂದುಕೊಂಡು ತೋರಿಸಲಿಲ್ಲ. ಹುಡುಗಿಗೆ ಬೇಗ ಗಂಡು ನೋಡಿ ಎಂದಷ್ಟೇ ಅಪ್ಪನಿಗೆ ಹೇಳಿದೆ. ಬರೆದ ಕಾಗದ ಸುಡಲು ಕೈ ಬರಲಿಲ್ಲ. ಎಸೆದರೆ ಯಾರಿಗಾದರೂ ಸಿಕ್ಕೀತು ಎಂಬ ಭಯ. ನನ್ನ ಗಾದಿಯೊಳಗೆ ಹೊಲಿದುಬಿಟ್ಟೆ. ಮುಂದಿನ ವಾರ ಮೂರು ಬೆಳಿಗ್ಗೆ ಶಮೀಮಳ ಗಾದಿಯ ಮೂಲೆಯಲ್ಲಿ ಮೂರು ಬೇರೆ ಬೇರೆ ಹೊಲಿಗೆ ಕಂಡವು. ಅವಳು ಬಿಚ್ಚಿ ಹುಡುಕಿ ಮತ್ತೆ ಹೊಲಿಯುತ್ತಿದ್ದಳು. ಎಲ್ಲಿಟ್ಟಿದ್ದೆ ಎಂದು ಹೇಳದೆ ಕೇಳುವಂತಿಲ್ಲ, ಆದ್ದರಿಂದ ಯಾರನ್ನೂ ಕೇಳಲಿಲ್ಲ. ನಾಲ್ಕು ತಿಂಗಳಲ್ಲಿ ನಿಕಾ ಆಯಿತು. ಅಳುತ್ತ ಹರಿಹರಕ್ಕೆ ಹೋದಳು. ಎಲ್ಲ ಹುಡುಗಿಯರೂ ಅಳುತ್ತಾರೆ ಎಂದು ನಾನೇ ಎಲ್ಲರಿಗೂ ಹೇಳಿದೆ.

ಪ್ರೇಮಪತ್ರ ನೂರಾರು ಪುಟ ಇರುತ್ತದೆಯೇ ಎಂಬ ಅನುಮಾನ ಮದುವೆಯ ವಾರವೇ ಬಂದಿತ್ತು. ಆದರೆ ಅನುಮಾನ ನಿಜವಾದರೆ ನಾನು ಏನಾಗುತ್ತೇನೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಪ್ರತಿ ವರ್ಷ ರಂಜಾನಿಗೆ ಮೊದಲು ನನ್ನ ಗಾದಿಯನ್ನು ನಾನೇ ಬಿಚ್ಚಿ ಹಿಂಜುತ್ತಿದ್ದೆ, ನೋಟ್‌ಬುಕ್ಕಿನ ಧೂಳು ಒರೆಸಿ ಮತ್ತೆ ಒಳಗಿಡುತ್ತಿದ್ದೆ.

ಇಷ್ಟು ಹೇಳುವಷ್ಟರಲ್ಲಿ ಬಾತಿ ಗುಡ್ಡ ಬಂತು. ಗುಡ್ಡದ ದರ್ಗಾ ಕಂಡಾಗ ಇಬ್ಬರೂ ಕೈ ಎತ್ತಿ ಬೇಡಿಕೊಂಡೆವು. ಕೆರೆಯಲ್ಲಿ ನೀರು ತುಂಬಿತ್ತು, ಬೆಳ್ಳಕ್ಕಿಗಳು ಸಾಲಾಗಿ ಕೂತಿದ್ದವು. ಜಬೀನ ಕಿಟಕಿಯಿಂದ ನನ್ನ ಕಡೆ ತಿರುಗಿದಳು.

"ಗಂಟು ಕೊಟ್ಟು ಕೈ ತೊಳಕಂತೀನಿ ಅಂದ್ಕಂಡೀರೇನು," ಎಂದಳು. "ಬಾಯಾಗ ಹೇಳಬೇಕು. ನಾನು ನಡುವ ಬಾಯಿ ಹಾಕಂಗಿಲ್ಲ. ನೀವಾ ಹೇಳ್ರಿ."

ಹರಿಹರ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹತ್ತು ಗಂಟೆ ದಾಟಿತ್ತು. ರಹಮತ್ ಅರ್ಧ ದಿನ ರಜೆ ಹಾಕಿ ಸ್ಕೂಟರ್ ತಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಅತ್ತರಿನ ವಾಸನೆ. ಉಪನ್ಯಾಸ ಅವನದೇ ಎಂಬಂತಿದ್ದ. ದಿಂಬು, ಮಂಡಕ್ಕಿ, ಜಬೀನ, ಮೂವರೂ ಸ್ಕೂಟರಿನಲ್ಲಿ ಕೂತರು. ಗಂಟಿನ ಚೀಲ ಹಿಡಿದು ನಾನು ನಡೆದೆ. ಕಾಲೇಜು ಅರ್ಧ ಕಿಲೋಮೀಟರು. ಗೇಟಿನ ಎದುರು ಟೀ ಕುಡಿದೆ. ಶುಂಠಿ ಜಾಸ್ತಿ ಹಾಕಿದ್ದರು, ಚಳಿಗೆ ಚೆನ್ನಾಗಿತ್ತು.

ಸಭಾಂಗಣದಲ್ಲಿ ನೂರಕ್ಕೆ ಹತ್ತಿರ ಹುಡುಗಿಯರಿದ್ದರು. ನಾವು ಮೂವರು ಕೊನೇ ಸಾಲಿನಲ್ಲಿ ಕೂತೆವು. ಶಮೀಮ್ ಹಸಿರು ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಕನ್ನಡಕ ಹಾಕಿಕೊಂಡು ಮೈಕಿನ ಮುಂದೆ ನಿಂತಳು. ಕನ್ನಡದಲ್ಲೇ ಮಾತಾಡಿದಳು. ನನಗೆ ಏನೂ ತಿಳಿಯಲಿಕ್ಕಿಲ್ಲ ಎಂದುಕೊಂಡಿದ್ದೆ. ಹೆಚ್ಚುಕಡಿಮೆ ಎಲ್ಲ ತಿಳಿಯಿತು.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಎಷ್ಟೋ ಹೆಂಗಸರು ಕಾದಂಬರಿ ಬರೆದರಂತೆ. ಆ ಪುಸ್ತಕಗಳನ್ನು ಓದುವಾಗ ಕಥೆ ಏನಾಯಿತು ಎಂದಷ್ಟೇ ನೋಡಬೇಡಿ, ಯಾವ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ನೋಡಿ ಎಂದಳು. ನಾಯಕಿ ಬುದ್ಧಿವಂತೆಯಾಗಿದ್ದರೆ ಕೊನೆಗೆ ಅವಳಿಗೆ ಮದುವೆಯೋ ಸಾವೋ ಎರಡರಲ್ಲೊಂದು ಯಾಕೆ ಬರುತ್ತದೆ, ಬರೆದವಳಿಗೆ ಮೂರನೇ ದಾರಿ ಗೊತ್ತಿರಲಿಲ್ಲವೋ, ಗೊತ್ತಿದ್ದರೂ ಅಚ್ಚು ಮಾಡುವವರಿರಲಿಲ್ಲವೋ ಎಂದು ಕೇಳಿದಳು. ಆಮೇಲೆ ಸೂಜಿಯ ವಿಷಯಕ್ಕೆ ಬಂದಳು. ಆ ಕಾದಂಬರಿಗಳಲ್ಲಿ ಗಂಡಸರು ಮಾತಾಡುವಾಗ ಹೆಂಗಸರು ಹೊಲಿಗೆ ಹಿಡಿದು ಕೂತಿರುತ್ತಾರೆ. ಹಿಂದಿನ ವಿಮರ್ಶಕರು ಅದನ್ನು ಮನೆವಾರ್ತೆಯ ಚಿತ್ರ ಎಂದು ದಾಟಿಹೋದರು. ನಾವು ಹಾಗೆ ದಾಟಬಾರದು, ಕೈಯಲ್ಲಿ ಸೂಜಿ ಇದ್ದವಳನ್ನು ನೀನು ಏನು ಯೋಚಿಸುತ್ತಿದ್ದೀ ಎಂದು ಯಾರೂ ಕೇಳುವುದಿಲ್ಲ, ಆದ್ದರಿಂದ ಅವಳು ಯೋಚಿಸಲು ಆರಿಸಿಕೊಂಡ ಜಾಗ ಅದು ಎಂದಳು. ಈ ಮಾತು ಬೇರೆ ಯಾರಿಗೆ ಎಷ್ಟು ತಿಳಿಯಿತೋ, ಮೂವತ್ತು ವರ್ಷ ದಬ್ಬಣ ಹಿಡಿದ ನನಗೆ ಪೂರ್ತಿ ತಿಳಿಯಿತು.

ಆಮೇಲೆ ಪರದೆಯ ಮೇಲೆ ಒಂದು ಚಿತ್ರ ಬಂತು. ಕಪ್ಪು ಅಂಗಿ ತೊಟ್ಟ, ಉದ್ದ ಮುಖದ, ಗಂಭೀರವಾದ ಒಬ್ಬ ಹೆಂಗಸು. ಕೆಳಗೆ ದೊಡ್ಡಕ್ಷರದಲ್ಲಿ ಹೆಸರು. ಆ ಅಕ್ಷರಗಳನ್ನು ನಾನು ಕೂಡಿಸಿ ಓದಬೇಕಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಬಾಯಿಪಾಠ. ಟಿ.ವಿ. ರಿಪೇರಿಯವನ ಬೋರ್ಡಿನ ಹೆಸರು.

ಈಕೆ ಗಂಡಸಿನ ಹೆಸರು ಇಟ್ಟುಕೊಂಡು ಬರೆದಳು, ಹೀಗೆ ಬರೆದವರು ಇನ್ನೂ ಹಲವರಿದ್ದರು ಎಂದು ಶಮೀಮ್ ಹೇಳುತ್ತಿದ್ದಳು. ಹೆಂಗಸಿನ ಹೆಸರು ಕಂಡರೆ ಓದುವವರು ಪುಸ್ತಕ ಬಿಟ್ಟು ಅವಳ ನಡತೆಯನ್ನು ವಿಮರ್ಶೆ ಮಾಡುತ್ತಿದ್ದರು, ಅದಕ್ಕೇ ಆ ಹೆಸರು ಎಂದಳು. ಸಭೆಯಲ್ಲಿ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಆದರೂ ನಾನು ತಲೆ ತಗ್ಗಿಸಿ ಚೀಲದ ಹಿಡಿ ನೋಡುತ್ತ ಕೂತೆ. ಪುಸ್ತಕ ಬಿಟ್ಟು ನಡತೆಯನ್ನು ನೋಡಿದವನು ಇಂಗ್ಲೆಂಡಿನಲ್ಲೇ ಇರಬೇಕೆಂದಿಲ್ಲ.

ಕೊನೆಗೆ ಒಬ್ಬ ಹುಡುಗಿ ಎದ್ದು, ಯಾವತ್ತೋ ಸತ್ತ ಇಂಗ್ಲೆಂಡಿನ ಹೆಂಗಸರು ನಮಗೇಕೆ ಮೇಡಂ ಎಂದು ಕೇಳಿದಳು. ಒಳ್ಳೇ ಪ್ರಶ್ನೆ ಎಂದು ಶಮೀಮ್ ನಕ್ಕಳು. ಆ ಹೆಂಗಸರು ಯಾರಾದರೂ ಒಳಗೆ ಬಂದಕೂಡಲೇ ಹಾಳೆಗಳನ್ನು ಮುಚ್ಚಿಡುತ್ತಿದ್ದರಂತೆ. ತಾನೂ ಹುಡುಗಿಯಾಗಿದ್ದಾಗ ಈ ಕಾದಂಬರಿಗಳ ಬಗ್ಗೆ ಒಂದು ನೋಟ್‌ಬುಕ್ಕು ತುಂಬ ಬರೆದು ಗಾದಿಯಲ್ಲಿ ಬಚ್ಚಿಟ್ಟಿದ್ದೆ ಎಂದಳು. ತನ್ನ ಮೇಡಂ ಅದನ್ನು ತಂದುಕೊಡು, ಎಂ.ಎ.ಗೆ ಹಾಸ್ಟೆಲಿನ ಸಮೇತ ಸೀಟು ಮಾಡಿಸಿಕೊಡುತ್ತೇನೆ ಎಂದಿದ್ದರು. ಮೇಡಂಗೆ ಕೊಡಬೇಕಿದ್ದ ವಾರದಲ್ಲೇ ಅದು ಹೋಯಿತು. "ಇಲಿ ತಿಂದಿರಬೇಕು. ಬಹಳ ಓದಿದ ಇಲಿ, ಒಂದು ಚೂರೂ ಉಳಿಸಿರಲಿಲ್ಲ," ಎಂದಳು. ಹುಡುಗಿಯರು ನಕ್ಕರು. ರಹಮತ್ ಎಲ್ಲರಿಗಿಂತ ಜೋರಾಗಿ ನಕ್ಕ. ಜಬೀನ ಮಾತ್ರ ನನ್ನ ಕಡೆ ತಿರುಗಿ ನೋಡಿದಳು.

ಎಂ.ಎ. ಸೀಟಿನ ವಿಷಯ ನನಗೆ ಗೊತ್ತಾದದ್ದು ಆಗಲೇ. ಶಮೀಮ್ ಮದುವೆಯಾಗಿ ಎಂಟು ವರ್ಷದ ಮೇಲೆ, ಎರಡು ಮಕ್ಕಳನ್ನು ಇಟ್ಟುಕೊಂಡು, ಮನೆಯಿಂದಲೇ ಎಂ.ಎ. ಪರೀಕ್ಷೆಗೆ ಕಟ್ಟಿದವಳು. ರಹಮತ್ ಸಂಜೆ ರೊಟ್ಟಿ ಬಡಿದು ಅವಳನ್ನು ಓದಲು ಕೂರಿಸುತ್ತಿದ್ದ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಆ ಎಂಟು ವರ್ಷ ನನ್ನ ತಲೆದಿಂಬಿನ ಕೆಳಗೆ ಇದ್ದವು.

ಊಟಕ್ಕೆ ಅವರ ಮನೆಗೆ ಹೋದೆವು. ಎರಡು ಕೋಣೆಯ ಚೊಕ್ಕ ಮನೆ. ಒಂದು ಗೋಡೆ ಪೂರ್ತಿ ಪುಸ್ತಕ. ಕಪಾಟನ್ನು ರಹಮತ್ ವರ್ಕ್‌ಶಾಪಿನ ಕಬ್ಬಿಣದಲ್ಲಿ ತಾನೇ ಮಾಡಿದ್ದ. ಜೋಳದ ರೊಟ್ಟಿ, ಮಟನ್ ಸಾರು, ಹಸಿ ಉಳ್ಳಾಗಡ್ಡಿ. ಮಕ್ಕಳಿಬ್ಬರೂ ಶಾಲೆಯ ಟೂರಿಗೆ ಹೋಗಿದ್ದರಿಂದ ಮನೆ ಶಾಂತವಾಗಿತ್ತು. ಶಮೀಮ್ ತವರಿನ ಮಂಡಕ್ಕಿ ಬಾಯಿಗೆ ಹಾಕಿಕೊಂಡು, "ನೋಡ್ರಿ, ಗರಿಗರಿ ಅಂದ್ರ ಹಿಂಗೆ," ಎಂದು ಗಂಡನಿಗೆ ಹೇಳಿದಳು. ದಿಂಬನ್ನು ಮುಖಕ್ಕೆ ಒತ್ತಿ ನೋಡಿದಳು. ಎಲ್ಲರೂ ಸಂತೋಷವಾಗಿದ್ದರು. ಆ ಸಂತೋಷ ಕೆಡಿಸಬಾರದು, ಗಂಟನ್ನು ಹಾಗೇ ವಾಪಸ್ ತೆಗೆದುಕೊಂಡು ಹೋಗೋಣ ಎಂದು ಒಂದು ಗಳಿಗೆ ಅನ್ನಿಸಿತು. ಜಬೀನ ನನ್ನ ಚೀಲವನ್ನು ಕಾಲಿನಿಂದ ಮುಂದೆ ತಳ್ಳಿದಳು.

ಗಂಟನ್ನು ಶಮೀಮಳ ಮುಂದಿಟ್ಟೆ. ಗಿರಾಕಿಗಳಿಗೆ ಹೇಳುವ ಮಾತನ್ನೇ ಹೇಳಿದೆ. "ಗಾದ್ಯಾಗ ಸಿಕ್ತು. ಬಿಚ್ಚಿ ನೋಡ್ಕ."

ಗಾದಿಯವರ ಮನೆ ಮಗಳು ಅವಳು. ನೀಲಿ ಪಟ್ಟೆಯ ಬಟ್ಟೆ ನೋಡಿದಾಗಲೇ ಅವಳ ಕೈ ನಿಂತಿತು. ಬಿಚ್ಚಿದಳು. ರಟ್ಟಿನ ಮೇಲೆ ಅಂಗೈ ಇಟ್ಟಳು. ರಹಮತ್ ಏನದು ಎಂದು ಎರಡು ಸಲ ಕೇಳಿದ. ಅವಳು ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿ, "ಇಲಿ ತಿಂದಿಲ್ಲರಿ," ಎಂದಳು.

ಮುಂದಿನ ಕಥೆಯನ್ನು ಅವಳೇ ಕಟ್ಟಿದಳು. ತನ್ನ ಗಾದಿಯ ಹತ್ತಿ ಯಾವುದೋ ಕಾಲಕ್ಕೆ ಬೇರೆ ಗಾದಿಗೆ ಸೇರಿರಬೇಕು, ಅದರ ಜೊತೆ ಇದೂ ಹೋಗಿರಬೇಕು, ಅಣ್ಣನಿಗೆ ಈಗ ಸಿಕ್ಕಿದೆ, ಓಡಿ ತಂದಿದ್ದಾನೆ. ಹತ್ತಿ ಹಿಂಜುವವರಿಗೆ ಇದು ಆಗದ ಮಾತು ಎಂದು ಗೊತ್ತು. ನೂರಾರು ಪುಟದ ಪುಸ್ತಕ ಹತ್ತಿಯ ಜೊತೆ ಕಾಣದೆ ಹೋಗುವುದಿಲ್ಲ. ಸಂತೋಷದಲ್ಲಿ ಅವಳು ಅದನ್ನು ಯೋಚಿಸಲಿಲ್ಲ. "ಹೌದಲ್ಲ ಅಣ್ಣ?" ಎಂದಳು. ನಾನು ತಲೆ ಆಡಿಸಿದೆ. ರಹಮತ್ ಎದ್ದು ನನ್ನನ್ನು ತಬ್ಬಿಕೊಂಡ. ಗಂಟು ಬಿಚ್ಚಿದವರು ಹೇಳಬೇಕಾದ 'ಸರಿ ಐತೆ' ಎಂಬ ಮಾತನ್ನು ಮಾತ್ರ ಅವಳು ಹೇಳಲಿಲ್ಲ. ಮರೆತಳೆಂದು ಕಾಣುತ್ತದೆ. ನಾನು ನೆನಪಿಸಲಿಲ್ಲ.

ಮೂರು ಗಂಟೆಗೆ ಬಿಸಿಲು ಇಳಿದ ಮೇಲೆ ಹೊಳೆಯ ಕಡೆಗೆ ನಡೆದೆವು. ರಹಮತ್ ಕೆಲಸಕ್ಕೆ ಹೋದ. ತುಂಗಭದ್ರೆಯಲ್ಲಿ ನೀರು ಕಡಿಮೆಯಾಗಿ ಬಂಡೆಗಳು ಎದ್ದಿದ್ದವು. ಸೇತುವೆಯ ಮೇಲೆ ಲಾರಿಗಳು ಸಾಲುಗಟ್ಟಿದ್ದವು. ಜಬೀನ ಚಪ್ಪಲಿ ಬಿಟ್ಟು ನೀರಿಗೆ ಇಳಿದಳು. ನಾನು, ಶಮೀಮ್ ಮೆಟ್ಟಿಲ ಮೇಲೆ ಕೂತೆವು. ನೋಟ್‌ಬುಕ್ಕನ್ನು ಅವಳು ಮನೆಯಲ್ಲಿ ಬಿಟ್ಟುಬಂದಿರಲಿಲ್ಲ. ಪುಟ ತಿರುವುತ್ತ, ಇಪ್ಪತ್ತು ವರ್ಷದ ಹುಡುಗಿ ಬರೆದಿದ್ದಕ್ಕೆ ನಗುತ್ತ, ಕೆಲವು ಕಡೆ ಪರವಾಗಿಲ್ಲ ಎನ್ನುತ್ತ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು.

"ಇದನ್ನ ಕೇಳಿಲ್ಲಿ," ಎಂದಳು. "ಈಗ ಬರೆದ್ರೂ ಹಿಂಗೇ ಬರಿತೀನಿ."

ಅವಳು ಓದಿ ಹೇಳಿದ್ದು ಹೀಗಿತ್ತು. ಹೆಂಗಸರು ಬರೆದ ಈ ಕಾದಂಬರಿಗಳಲ್ಲಿ ಮನೆಯ ಅಣ್ಣ ಕೆಟ್ಟವನಲ್ಲ. ಅವನು ತಂಗಿಯನ್ನು ಪ್ರೀತಿಸುತ್ತಾನೆ. ಅವಳಿಗೆ ಒಳ್ಳೆಯದು ಯಾವುದು ಎಂದು ತೀರ್ಮಾನಿಸುತ್ತಾನೆ. ಅವಳನ್ನು ಒಂದು ಮಾತು ಕೇಳುವುದಿಲ್ಲ, ಅಷ್ಟೆ. ಕಥೆಯ ದುಃಖವೆಲ್ಲ ಆ ಕೇಳದ ಮಾತಿನಿಂದ ಹುಟ್ಟುತ್ತದೆ.

ನಾನು ಆ ನೋಟ್‌ಬುಕ್ಕನ್ನು ಬೋರ್ಡಿನ ಕೆಳಗೆ ಹಿಡಿದು ನಿಲ್ಲುವ ಮೊದಲೇ ಅವಳು ಇದನ್ನು ಬರೆದಿದ್ದಳು. ನಾನು ಅದೇ ಪುಟದ ಮೇಲೆ ತಲೆಯಿಟ್ಟು ಮಲಗಿದ್ದೆ.

ಆಗ ಹೇಳಿದೆ. ಮೊದಲಿನಿಂದ ಹೇಳಿದೆ. ಗೇಣು ಹೊಲಿಗೆ ನನ್ನದಲ್ಲವೆಂದು ತಿಳಿದದ್ದು, ಹೆಸರು, ಬೋರ್ಡು, ಅಪ್ಪನಿಗೆ ಹೇಳಿದ ಮಾತು, ನನ್ನ ಗಾದಿ, ಎಲ್ಲ. ಶಮೀಮ್ ನಡುವೆ ಒಂದೇ ಸಲ ಮಾತಾಡಿದಳು.

"ಟಿ.ವಿ. ರಿಪೇರಿಯವನಾ?" ಎಂದಳು. "ಆ ಕೋಲು ಮೀಸೆಯವನಾ?"

ಹೌದು ಎಂದೆ. ಅವಳಿಗೆ ನಗು ಬಂತು. ತಡೆಯಲಾಗದೆ ನಕ್ಕಳು. ನೀರಿನಲ್ಲಿದ್ದ ಜಬೀನ ತಿರುಗಿ ನೋಡಿದಳು. "ಆಯಮ್ಮ ಸತ್ತು ನೂರು ವರ್ಷದ ಮ್ಯಾಲಾತು ಅಣ್ಣ. ನೀನು ಆಕಿಗೆ ಹೆದರಿ ನನ್ನ ಮದುವಿ ಮಾಡಿದಿ," ಎಂದಳು. ಆಮೇಲೆ ನಗು ನಿಂತಿತು. ನೋಟ್‌ಬುಕ್ಕನ್ನು ನೀಲಿ ಬಟ್ಟೆಯಲ್ಲಿ ಸುತ್ತಿದಳು. ಗಂಟು ಹಾಕಲಿಲ್ಲ. ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾವು ಹಿಂದೆ ಹೋದೆವು. ದಾರಿಯಲ್ಲಿ ಅವಳು ಜಬೀನಳ ಜೊತೆ ಮೊಳಕಾಲು ನೋವಿನ ಎಣ್ಣೆಯ ಬಗ್ಗೆ ಮಾತಾಡಿದಳು. ನನ್ನ ಜೊತೆ ಮಾತಾಡಲಿಲ್ಲ.

ದಾವಣಗೆರೆಯ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ಜಬೀನ ಹತ್ತಿ ಕಿಟಕಿಯ ಸೀಟು ಹಿಡಿದಳು. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ.

"ಅಣ್ಣ," ಎಂದಳು ಶಮೀಮ್. ಸಿಟ್ಟಿರಲಿಲ್ಲ. ತರಗತಿಯಲ್ಲಿ ಹುಡುಗಿಯರಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು. "ನನಗೆ ನನ್ನ ಮನಿ ಐತೆ, ನನ್ನ ಕೆಲಸ ಐತೆ. ರಹಮತ್ ಸಿಕ್ಕಿದ್ದಕ್ಕೆ ನಂಗೇನು ದುಃಖ ಇಲ್ಲ. ನೀನು ಯಾಕ ಮಾಡಿದಿ ಅಂತ ಪೂರಾ ಹೇಳಿದಿ. ಒಂದು ಮಾತು ಮಾತ್ರ ಇನ್ನೂ ಹೇಳಿಲ್ಲ."

ಯಾವ ಮಾತು ಎಂದು ನನಗೆ ಗೊತ್ತಿತ್ತು. ಹೇಳಿದೆ, ಬಾಯೊಳಗೇ ಹೇಳಿದೆ. ಅಷ್ಟರಲ್ಲಿ ಡ್ರೈವರು ಇಂಜಿನ್ ಚಾಲೂ ಮಾಡಿದ.

"ಕೇಳಿಸ್ಲಿಲ್ಲ," ಎಂದಳು. ನಿಜವಾಗಿ ಕೇಳಿಸಿರಲಿಲ್ಲ. ಕಿವಿಯ ಹತ್ತಿರದ ಸೆರಗು ಸರಿಸಿ ಒಂದು ಹೆಜ್ಜೆ ಮುಂದೆ ಬಂದಳು.

ಕಂಡಕ್ಟರು ಹತ್ತ್ರಿ, ಇಲ್ಲಾ ಇಳೀರಿ ಎಂದ. ನಾನು ಇಳಿದೆ. ಬಸ್ಸಿನ ಕಿಟಕಿಗಳಲ್ಲಿ ಜನ ಇದ್ದರು, ಜಬೀನ ಇದ್ದಳು. ಎಲ್ಲರಿಗೂ ಕೇಳುವ ಹಾಗೆ, ಇಂಜಿನ್ನಿನ ಮೇಲೆ ದನಿ ಎತ್ತಿ ಹೇಳಿದೆ.

"ಶಮೀಮಾ, ಅದು ನಿಂದು, ನಾ ಇಟ್ಕಂಡೆ. ನಿನ್ನ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾತು ನಂದು. ಮಾಫ್ ಮಾಡವ್ವ."